ಇಲ್ಲ ಎನ್ನದ ಮನೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಉಪ್ಪು ಎಂದೂ ಮುಗಿಯುತ್ತಿರಲಿಲ್ಲ. ಗಡಿಗೆಯ ತಳ ಕಂಡ ದಿನ ಅದು 'ಹೆಚ್ಚಾಗುತ್ತಿತ್ತು'. ಅಕ್ಕಿ ತೀರಿದರೆ ಮಡಿಕೆ 'ತುಂಬುತ್ತಿತ್ತು'. ದೀಪ ಆರಿಸು ಎನ್ನುವ ಹಾಗಿರಲಿಲ್ಲ, 'ದೊಡ್ಡದು ಮಾಡು' ಎನ್ನಬೇಕು. ಇಂಥ ಮಾತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ತೀರಿತು ಅಂದದ್ದನ್ನು ಲಕ್ಷ್ಮಿ ಕೇಳಿಸಿಕೊಂಡು ಎದ್ದು ನಡೆದಾಳು ಎಂಬ ಭಯ. ಆದರೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಈ ಪದ್ಧತಿಯನ್ನು ಅಡಿಗೆಮನೆಯಿಂದ ಎಳೆದು ತಂದು ತಲೆಬಾಗಿಲಿನಲ್ಲಿ ನಿಲ್ಲಿಸಿದ್ದಳು. ಕೇಳಿಕೊಂಡು ಬಂದವರ ಮುಖಕ್ಕೆ 'ಇಲ್ಲ' ಎನ್ನಬಾರದು, ಇದು ಆಕೆಯ ಕಟ್ಟಳೆ. ಮಾತಿನ ನಡುವೆ ಬಂದುಹೋಗುವ ಇಲ್ಲಗಳಿಗೆ ಆಕೆಯ ತಕರಾರಿರಲಿಲ್ಲ. ಯಾರಾದರೂ ಏನನ್ನಾದರೂ ಬೇಡಿದಾಗ ಮಾತ್ರ ಆ ಮಾತು ಬಾಯಿಂದ ಹೊರಬೀಳಬಾರದು. ಹೀಗಾಗಿ ಒಲ್ಲೆ ಎನ್ನಲು ನಮ್ಮವರು ಬೇರೆ ಬೇರೆ ಹಾದಿ ಹುಡುಕಿಕೊಂಡಿದ್ದರು. ಅಪ್ಪ 'ಆಗ್ಲಿ, ನೋಡೂಣು' ಎನ್ನುತ್ತಿದ್ದ. ಆಯಿ 'ದೇವರು ದೊಡ್ಡವ' ಎನ್ನುತ್ತಿದ್ದಳು. ಅವ್ವ ಏನೂ ಅನ್ನದೆ ಸೆರಗು ಸರಿಮಾಡಿಕೊಂಡು ಒಲೆಯ ಕಡೆ ಹೋಗುತ್ತಿದ್ದಳು. ಮರ್ಯಾದೆಯುಳ್ಳವರು ಇಷ್ಟಕ್ಕೇ ತಿಳಿದುಕೊಂಡು ಎದ್ದುಹೋಗುತ್ತಿದ್ದರು. ತಿಳಿದೂ ಏಳದವರು ಇದ್ದೇ ಇದ್ದರು. ಹಿಂದಿನ ಓಣಿಯವರು ಕೇಳಿ ಒಯ್ದ ನಮ್ಮ ನಿಚ್ಚಣಿಕೆ ಅವರ ಗೋಡೆಗೆ ಒರಗಿದ್ದು ಒರಗಿಯೇ ಉಳಿಯಿತು. ನಮ್ಮ ಮಾಳಿಗೆ ಸೋರಿದಾಗ ಅಪ್ಪ ಅದನ್ನೇ ಅವರಿಂದ ಎರವಲು ಕೇಳಿ ತರುತ್ತಿದ್ದ, ಕೆಲಸ ಮುಗಿದ ಮೇಲೆ ಒಯ್ದು ಕೊಟ್ಟು ಬರುತ್ತಿದ್ದ.

ಮನೆ ದೊಡ್ಡದೇನಲ್ಲ. ಬೀದಿಗೆ ಒಂದು ಕಟ್ಟೆ, ಒಳಗೆ ಕಾಲಿಟ್ಟರೆ ಮಗ್ಗದ ಕೋಣೆ, ಅದರಾಚೆ ಪಡಸಾಲೆ, ಅದರಾಚೆ ಅಡಿಗೆಮನೆ, ಹಿತ್ತಲಲ್ಲಿ ಎಮ್ಮೆ. ಮಗ್ಗ ನೆಲದಲ್ಲಿ ತೆಗ್ಗು ತೋಡಿ ಹೂಡಿದ್ದು. ಅಪ್ಪ ಆ ತೆಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಅವನ ತಲೆ ನನ್ನ ತಲೆಗೆ ಸಮ. ಹೀಗಾಗಿ ಅಪ್ಪನ ಹತ್ತಿರ ಏನಾದರೂ ಕೇಳುವುದಿದ್ದರೆ ಅವನು ಮಗ್ಗದಲ್ಲಿದ್ದಾಗಲೇ ಕೇಳಬೇಕು ಎಂದು ನಾನು ಬಲು ಬೇಗ ಕಲಿತೆ. ಎದ್ದು ನಿಂತ ಅಪ್ಪ ಬೇರೆಯವನೇ ಆಗಿಬಿಡುತ್ತಿದ್ದ. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ರಾಟೆಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅಡಿಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲು ಒರಳುಕಲ್ಲಿನ ಮೇಲೆ ಬಂತೆಂದರೆ ಊಟದ ಹೊತ್ತು. ಮಗ್ಗದ ಸದ್ದು ನಿಲ್ಲುತ್ತಿತ್ತು, ಗಂಗಾಳಗಳ ಸದ್ದು ಶುರುವಾಗುತ್ತಿತ್ತು. ರೊಟ್ಟಿ, ಪುಂಡಿಪಲ್ಲೆ, ಅವ್ವ ಹಣ್ಣು ಮೆಣಸಿನಕಾಯಿ ರುಬ್ಬಿ ಭರಣಿಯಲ್ಲಿ ತುಂಬಿಟ್ಟ ರಂಜಕ. ಆ ರಂಜಕ ತಿಂದು ಕಣ್ಣಲ್ಲಿ ನೀರು ಬಂದರೂ ಯಾರೂ ಸಾಕು ಎಂದವರಲ್ಲ.

ಈ ಮನೆಗೆ ಇಂಗ್ಲಿಷು ತಂದವನು ಶಂಕರ ಕಾಕಾ, ಅಪ್ಪನ ಕಿರಿಯ ತಮ್ಮ. ಜಮಖಂಡಿಯಲ್ಲಿದ್ದು ಹೈಸ್ಕೂಲು ಓದಿದವ. ಮ್ಯಾಟ್ರಿಕ್ಕಿನಲ್ಲಿ ಇಂಗ್ಲಿಷು ಕೈಕೊಟ್ಟದ್ದರಿಂದ ಮನೆಗೆ ಬಂದು ಮತ್ತೊಮ್ಮೆ ಪರೀಕ್ಷೆಗೆ ಕೂಡುವ ತಯಾರಿ ನಡೆಸಿದ್ದ. ಅವನ ಮಾಸ್ತರರು, ನೀನು ನೇಕಾರರ ಹುಡುಗನಾಗಿ ನಿನ್ನ ಇಂಗ್ಲಿಷು ಗಂಜಿ ಕಾಣದ ನೂಲಾಯಿತಲ್ಲ, ಒತ್ತು ಕೊಡುವ ನಾಲ್ಕು ವಿಶೇಷಣ ಹಾಕಿ ಬರೆಯೋ ಎಂದಿದ್ದರಂತೆ. ನಾಲ್ಕರ ಉಸಾಬರಿಗೆ ಕಾಕಾ ಹೋಗಲಿಲ್ಲ. ಅವನ ಮನಸ್ಸಿಗೆ ಹಿಡಿದದ್ದು ಒಂದೇ: ಎಂಫ್ಯಾಟಿಕ್. ಅದನ್ನು ಪಡಸಾಲೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಹೇಳುತ್ತಿದ್ದ. ಎಂಫ್ಯಾಟಿಕ್ ಉತ್ತರ, ಎಂಫ್ಯಾಟಿಕ್ ಗೆಲುವು, ಎಂಫ್ಯಾಟಿಕ್ ಧ್ವನಿ. ಒಂದು ದಿನ ಊಟಕ್ಕೆ ಕೂತಾಗ ಆಯಿ ತಡೆಯದೆ ಅದರ ಅರ್ಥ ಕೇಳಿದಳು. ಕಾಕಾ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ಒತ್ತಿ ಹೇಳೂದವ್ವಾ. ಅಣ್ಣ ಮಗ್ಗದಾಗ ಎಳಿ ಒತ್ತಾಕ ಫಣಿ ಬಡೀತಾನಲ್ಲ, ಹಂಗ. ಎಳಿ ಹಾಕಿ ಸುಮ್ನ ಬಿಟ್ರ ಅರಬಿ ಜಾಳ ಆಕ್ಕೈತಿ. ಒತ್ತಿ ಬಡದ್ರ ಗಟ್ಟಿ."

ಆಯಿ ಅದನ್ನು ಬಾಯಲ್ಲಿದ್ದ ತುತ್ತಿನ ಜೊತೆ ಅಗಿದಳು. ಆಮೇಲೆ ಗಂಗಾಳದ ಅಂಚಿಗಿದ್ದ ರಂಜಕವನ್ನು ನಾಲಿಗೆಗೆ ಹಚ್ಚಿಕೊಂಡು ತೀರ್ಪು ಕೊಟ್ಟಳು.

"ಹಂಗಾರ ನಮ್ಮ ಸಿದ್ದವ್ವನ ರಂಜಕ ಎಂಫ್ಯಾಟಿಕ್ ಐತಿ ನೋಡು."

ಸಿದ್ದವ್ವ ಅಂದರೆ ನಮ್ಮವ್ವ. ಅಲ್ಲಿಂದ ಆ ಮಾತು ಮನೆಯ ಮಗುವಾಯಿತು. ಎಮ್ಮೆ ಒದ್ದರೆ ಅದು ಎಂಫ್ಯಾಟಿಕ್ ಒದೆ. ತೊಟ್ಟಿಲಲ್ಲಿದ್ದ ತಂಗಿಯದು ಎಂಫ್ಯಾಟಿಕ್ ಅಳು. ಮೋಡ ಕವಿದ ದಿನ ಆಯಿಯ ಮೊಣಕಾಲು ಎಂಫ್ಯಾಟಿಕ್ ಆಗುತ್ತಿತ್ತು. ಅಪ್ಪ ಕೂಡ, ತಾನು ನೇಯ್ದ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, ಯಾರೂ ಹತ್ತಿರ ಇಲ್ಲವೆಂದುಕೊಂಡು ಮೆಲ್ಲಗೆ ಆ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಇದರ ಬೆನ್ನಿಗೇ ನನ್ನ ಅಣ್ಣ 'ನೋ' ಎಂಬುದನ್ನು ಕಂಡುಹಿಡಿದ. ಆಯಿಯ ಕಟ್ಟಳೆ ಇದ್ದದ್ದು ಕನ್ನಡದ ಇಲ್ಲಕ್ಕೆ ಮಾತ್ರವಲ್ಲವೇ! ನಾವು ನೀರು ತಾ ಎಂದರೆ ನೋ, ಕಸ ಹೊಡಿ ಎಂದರೆ ನೋ ಎಂದು ಕುಣಿದೆವು. ಆಯಿಗೆ ಅದರ ಗುಟ್ಟು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ನೋ ಕೂಡ ಹೊಸ್ತಿಲಾಚೆ ಹೋಯಿತು, ಅಣ್ಣನ ಕಿವಿ ಕೆಂಪಾಯಿತು. ಎಂಫ್ಯಾಟಿಕ್ ಮಾತ್ರ ಉಳಿದುಕೊಂಡಿತು. ಅದು ಆಯಿಗೇ ರುಚಿಸಿದ ಮಾತು. ಇಡೀ ಮನೆಯಲ್ಲಿ ಅದನ್ನು ಒಮ್ಮೆಯೂ ಆಡದವಳೆಂದರೆ ಅವ್ವ. ಎಲ್ಲರೂ ಆಡುವಾಗ ನಗುತ್ತಿದ್ದಳು, ಅಷ್ಟೆ.

ಆ ವರ್ಷ ಪಂಚಮಿಗೆ ಮುಧೋಳದಿಂದ ಗೌರತ್ತೆ ಬಂದಳು. ಅಪ್ಪನ ಅಕ್ಕ, ಆಯಿಯ ಹಿರಿಯ ಮಗಳು. ಅವಳ ಗಂಡನದು ಅರಳೆಯ ವ್ಯಾಪಾರ, ಸ್ವಂತ ಬಾವಿ ಇದ್ದ ದೊಡ್ಡ ಮನೆ. ಮಕ್ಕಳಿರಲಿಲ್ಲ. ಗೌರತ್ತೆ ಕೆಟ್ಟವಳಾಗಿದ್ದರೆ ಈ ಅಧ್ಯಾಯ ಬರೆಯುವುದು ಸುಲಭವಿತ್ತು. ಅವಳು ನನ್ನ ತಲೆ ಬಾಚಿದರೆ ಒಂದು ಕೂದಲೂ ನೋಯುತ್ತಿರಲಿಲ್ಲ. ಬರುವಾಗ ಕರದಂಟು ತರುತ್ತಿದ್ದಳು, ಜೋಕಾಲಿ ಕಟ್ಟಿಸಿ ತಾನೇ ತೂಗುತ್ತಿದ್ದಳು, ಉಂಡಿ ಕಟ್ಟುವಾಗ ಮೊದಲ ಉಂಡಿ ನನ್ನ ಕೈಗೆ. ಹಬ್ಬ ಮುಗಿದರೂ ಅವಳು ಹೊರಡಲಿಲ್ಲ. ನಮ್ಮ ಮನೆಯ ಹೊಸ ಮಾತನ್ನು ಅವಳೂ ಕಲಿತಳು. ಪುಂಡಿಪಲ್ಲೆ ಎಂಫ್ಯಾಟಿಕ್ ಆಗಿದೆ ಎಂದು ಹೊಗಳಿ ಎಲ್ಲರನ್ನೂ ನಗಿಸಿದಳು. ಒಂದು ದಿನ ಊಟಕ್ಕೆ ಕೂತಾಗ ನಗುತ್ತಲೇ ಅಪ್ಪನ ಕಡೆ ತಿರುಗಿದಳು.

"ತಮ್ಮಾ, ಚನ್ನೀನ ನನಗ ಕೊಡು. ನನ್ನ ಮನ್ಯಾಗ ದೀಪಾ ಹಚ್ಚಾಕ ಒಂದು ಕೈ ಬೇಕಾಗೇತಿ."

ಚನ್ನಿ ಅಂದರೆ ನಾನು. ಅಪ್ಪನ ಕೈ ಗಂಗಾಳದಲ್ಲೇ ನಿಂತಿತು. ಆಮೇಲೆ ಅವನು ಅಂದದ್ದು, ಬೇರೇನು, 'ಆಗ್ಲಿ ಅಕ್ಕಾ, ನೋಡೂಣು'. ಆಯಿ ದೇವರು ದೊಡ್ಡವ ಎಂದಳು. ಅವ್ವ ಎದ್ದು ಒಳಗೆ ಹೋದಳು. ಮೂರೂ ಕಡೆಯಿಂದ ಇಲ್ಲ ಎಂದಂತೆಯೇ ಆಯಿತು. ಊರಿನ ಯಾರಿಗಾದರೂ ಅದು ತಿಳಿಯುತ್ತಿತ್ತು; ಆ ಮನೆಯಲ್ಲೇ ಹುಟ್ಟಿದ ಗೌರತ್ತೆಗೆ ತಿಳಿಯದೆ ಇದ್ದೀತೆ? ತಿಳಿಯಿತು. ಇದಕ್ಕಿಂತ ಮುಂದೆ ಈ ಮನೆಯಲ್ಲಿ ಯಾರ ಬಾಯಿಂದಲೂ ಮಾತು ಬರುವುದಿಲ್ಲ ಎಂಬುದೂ ಅವಳಿಗೆ ತಿಳಿದಿತ್ತು. ಮರುದಿನದಿಂದ ಎಲ್ಲ ನಿಶ್ಚಯವಾದವಳಂತೆ ನಡೆದುಕೊಂಡಳು. ನನಗೆ ಹಸಿರು ಲಂಗ ಹೊಲಿಸಿದಳು. ಮುಧೋಳದ ಮನೆಯಲ್ಲಿ ನಾನು ಯಾವ ಕೋಣೆಯಲ್ಲಿ ಮಲಗುವುದು, ಬಾವಿಯ ಹತ್ತಿರ ಏಕೆ ಹೋಗಬಾರದು, ಎಲ್ಲ ಹೇಳಿಕೊಟ್ಟಳು.

ನನಗೆ ಅನ್ನ ಸೇರದಾಯಿತು. ಆಗ ನಮ್ಮೂರು ಜಮಖಂಡಿ ಸಂಸ್ಥಾನದ್ದು, ಮುಧೋಳಕ್ಕೆ ಅದರದೇ ಸಂಸ್ಥಾನ. ಒಬ್ಬ ರಾಜನ ಕೈಯಿಂದ ಬಿಡಿಸಿ ಇನ್ನೊಬ್ಬ ರಾಜನ ಕೈಗೆ ನನ್ನನ್ನು ಕೊಡುತ್ತಾರೆ, ಆಮೇಲೆ ಅವರು ಬಿಟ್ಟರೂ ಇವರು ಬಿಡುವುದಿಲ್ಲ ಎಂದು ಅಣ್ಣ ಹೆದರಿಸಿದ್ದ. ನಾನು ಮಗ್ಗದ ಕೋಣೆಯ ಕಂಬ ಹಿಡಿದು ನಿಲ್ಲುತ್ತಿದ್ದೆ. ಅಪ್ಪ ತೆಗ್ಗಿನಲ್ಲಿ ಕೂತಿರುತ್ತಿದ್ದ, ನನ್ನ ಮುಖಕ್ಕೆ ಸರಿಯಾಗಿ ಅವನ ಮುಖ. ಆದರೆ ಅವನು ಈ ಕಡೆ ನೋಡುತ್ತಿರಲಿಲ್ಲ. ಹಿತ್ತಲಲ್ಲಿ ಎಮ್ಮೆ ಹಿಂಡುವಾಗ ಅವ್ವ ಅವನಿಗೆ ಎದುರಾಡಿದ್ದನ್ನು ಅದೇ ಮೊದಲು ಕೇಳಿದೆ. ನೀವು ಗಂಡಸರು, ಅವರ ತಮ್ಮ, ನೀವು ಹೇಳಿ ಎಂದು ಅವಳು, ಹೇಗೆ ಹೇಳಲಿ ಎಂದು ಅವನು. ಊರಿಗೆ ಪ್ಲೇಗು ಬಂದು ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅಪ್ಪ ಚಿಕ್ಕವ. ಅವನನ್ನು ಮುಧೋಳಕ್ಕೆ ಕರೆದೊಯ್ದು ಕಾಪಾಡಿದವಳು ಅಕ್ಕ.

"ಆಕಿ ನನಗ ತನ್ನ ಗಂಗಾಳದಾಗ ಉಣಿಸ್ಯಾಳ ಸಿದ್ದವ್ವಾ. ಆಕಿ ಮುಂದ ನನ್ನ ನಾಲಿಗಿ ಹೆಂಗ ಏಳಬೇಕು?"

ಅವ್ವ ಹಾಲಿನ ಚರಿಗೆ ಹಿಡಿದು ಒಳಗೆ ಬಂದು ನನ್ನನ್ನು ಒಂದು ಸಲ ನೋಡಿದಳು. ಆ ಸಂಜೆ ರೊಟ್ಟಿ ಬಡಿಯುವಾಗ, ಒಲೆಯ ಮುಂದೆ ಕೂತು ಉಣ್ಣುತ್ತಿದ್ದ ಕಾಕಾನನ್ನು ಅವಳು ಒಂದು ಪ್ರಶ್ನೆ ಕೇಳಿದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಶಂಕ್ರಪ್ಪಾ, ನಿನ್ನ ಆ ಇಂಗ್ಲಿಷ್ ಮಾತು ಹೆಂಗಸರು ಆಡಿದ್ರ ನಡೀತೈತೇನ?"

ನಡೆಯದೆ ಏನು ವೈನಿ, ಆ ಮಾತಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ ಎಂದ ಕಾಕಾ. ಅವನ ಲಕ್ಷ್ಯವೆಲ್ಲ ಮುಂದಿನ ರೊಟ್ಟಿಯ ಮೇಲಿತ್ತು. ಅವ್ವ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು.

ಗೌರತ್ತೆ ಹೊರಡುವ ದಿನ ಬಂತು. ಚಕ್ಕಡಿ ಬಾಗಿಲಿಗೆ ಬಂದು ನಿಂತಿತ್ತು. ಬಿಸಿಲೇರುವ ಮೊದಲೇ ಮಹಾಲಿಂಗಪುರ ದಾಟಬೇಕು ಎಂದು ಗಾಡಿಯವ ಅವಸರ ಮಾಡುತ್ತಿದ್ದ. ಕಟ್ಟೆಯ ಮೇಲೆ ಅತ್ತೆಯ ಗಂಟುಗಳ ಜೊತೆಗೆ ನನ್ನದೂ ಒಂದು ಸಣ್ಣ ಗಂಟು. ಅದನ್ನು ಕಟ್ಟಿದವಳು ಅತ್ತೆಯೇ. ನನಗೆ ಹಸಿರು ಲಂಗ ತೊಡಿಸಿದ್ದರು. ಮನೆಮಗಳು ತವರಿಂದ ಹೊರಡುವಾಗ ಉಡಿ ತುಂಬಬೇಕು. ತುಂಬದೆ ಕಳಿಸಿದರೆ ತವರಿಗೆ ಏಳಿಗೆಯಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ ಅತ್ತೆಯನ್ನು ಕೂಡಿಸಿದರು. ಆಯಿ ಕುಂಕುಮ ಹಚ್ಚಿದಳು. ಅವ್ವ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಖಣ ಒಂದೊಂದಾಗಿ ಅತ್ತೆಯ ಉಡಿಯಲ್ಲಿ ಹಾಕಿದಳು. ಎಲ್ಲ ಹಾಕಿ ಆಯಿತು. ಇನ್ನು ಅತ್ತೆ ಸೆರಗು ಮಡಚಿ ಸೊಂಟಕ್ಕೆ ಸಿಗಿಸಿಕೊಂಡು ಏಳಬೇಕು. ಅವಳು ಏಳಲಿಲ್ಲ. ಉಡಿಯನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು.

"ಇಷ್ಟ ಸಾಲೂದಿಲ್ಲವ್ವಾ. ಚನ್ನೀನ ತಂದ ಹಾಕ್ರಿ ನನ್ನ ಉಡ್ಯಾಗ."

ಮಗಳು ಉಡಿಯೊಡ್ಡಿ ಕೇಳಿದ್ದನ್ನು ತವರಿನವರು ಕೊಡಲೇಬೇಕು. ಇದು ಆಯಿಯ ಕಟ್ಟಳೆಯಲ್ಲ, ಊರ ಕಟ್ಟಳೆ. ಮಗ್ಗದ ಕೋಣೆಯಲ್ಲಿ ಅಪ್ಪನ ಕೈ ಫಣಿಯ ಮೇಲೆ ನಿಂತಿತ್ತು. ಅವನು ಬೆಳಗಿನಿಂದ ತೆಗ್ಗು ಬಿಟ್ಟು ಎದ್ದಿರಲಿಲ್ಲ. ದೇವರು ದೊಡ್ಡವ ಎಂದಳು ಆಯಿ. ಕಾಕಾ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ. ಅಷ್ಟು ಇಂಗ್ಲಿಷು ಓದಿದವ ಅದರ ಹಾಳೆ ತಿರುವತೊಡಗಿದ. ನಾನು ಪಡಸಾಲೆಯ ಕಂಬದ ಹಿಂದೆ ಸರಿದೆ. ಅವ್ವ ಅಕ್ಕಿಯ ತಟ್ಟೆಯನ್ನು ನೆಲದ ಮೇಲೆ ಇಟ್ಟಳು. ಯಾವಾಗಿನಂತೆ ಸೆರಗು ಸರಿಮಾಡಿಕೊಂಡಳು. ಇನ್ನು ಒಳಗೆ ಹೋಗುತ್ತಾಳೆ ಎಂದುಕೊಂಡೆ, ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವಳು ಹೋಗಲಿಲ್ಲ.

"ಅಕ್ಕಾರ, ನಿಮ್ಮ ಉಡಿ ಖಾಲಿ ಕಳಸೂ ಮನಿ ಇದಲ್ರಿ. ಬ್ಯಾರೆ ಏನರ ಕೇಳ್ರಿ, ಹಾಕ್ತೇನಿ. ಚನ್ನಿ ಮಾತಿಗೆ ಮಾತ್ರ ನಂದು ಎಂಫ್ಯಾಟಿಕ್ ಐತ್ರಿ."

ನಮ್ಮ ಮನೆಯಲ್ಲಿ ಆ ಮಾತಿಗೆ ಯಾರೂ ನಗದ ದಿನ ಅದೊಂದೇ. ಅವ್ವನ ದನಿ ಏರಿರಲಿಲ್ಲ. ರಂಜಕ ಬೇಕೇನ್ರಿ ಎಂದು ಕೇಳುವ ದನಿಯಲ್ಲೇ ಹೇಳಿದ್ದಳು. ಆದರೆ ಅದರ ಒತ್ತು ಇಡೀ ಪಡಸಾಲೆಗೆ ತಾಗಿತು. ಗೌರತ್ತೆ ಅರ್ಥ ಕೇಳಲಿಲ್ಲ. ಉಡಿಯ ಅಂಚು ಹಿಡಿದುಕೊಂಡೇ ಅವ್ವನ ಕಡೆ ತಿರುಗಿದಳು.

"ಇದ ನಿಂದ ಮಾತೇನ?"

"ನಂದರೀ."

ಅತ್ತೆ ಸಿಟ್ಟಾಗುತ್ತಾಳೆ, ಉಡಿಯನ್ನು ಅಲ್ಲೇ ಸುರಿದು ಎದ್ದುಹೋಗುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು. ಅವಳು ಅವ್ವನನ್ನು ಬಿಟ್ಟು ಆಯಿಯ ಕಡೆ ತಿರುಗಿದಳು.

"ಕೇಳಿದೇನವ್ವಾ? ನನ್ನ ಕೊಡೂ ಮುಂದ ಈ ಮನ್ಯಾಗ ಯಾರೂ ಹಿಂಗ ಅನ್ನಲಿಲ್ಲ."

ಗೌರತ್ತೆಯನ್ನು ಮುಧೋಳಕ್ಕೆ ಮದುವೆ ಮಾಡಿ ಕೊಟ್ಟಾಗ ಅವಳು ಹೆಚ್ಚುಕಡಿಮೆ ನನ್ನಷ್ಟೇ ಇದ್ದಳಂತೆ. ಕೇಳಲು ಬಂದವರಿಗೆ ನಮ್ಮಜ್ಜ ನೋಡೂಣು ಎಂದಿದ್ದನಂತೆ. ಅವರು ಅದನ್ನೇ ಹಿಡಿದು ಮುಂದಿನ ವಾರ ಸೀರೆ ತಂದರಂತೆ. ಕಳಿಸುವ ದಿನ ಅವಳು ಇದೇ ಕಂಬ ಹಿಡಿದು ಅತ್ತಳಂತೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ದಿನ ನಾನು ಕಂಡದ್ದು ಆಯಿಯ ಮುಖ ಮಾತ್ರ. ಮನೆಯನ್ನು ಒಂದು ಕಣ್ಣೋಟದಲ್ಲೇ ಆಳುತ್ತಿದ್ದ ಮುದುಕಿ ಮಗಳ ಮುಂದೆ ನೆಲಕ್ಕೆ ಕೂತಳು.

"ನಿಮ್ಮಪ್ಪ ನೋಡೂಣು ಅಂದಾ ಗೌರಾ. ನಾ ಸುಮ್ನ ನಿಂತೆ. ನನ್ನ ಹತ್ರ ಆಗ ಮಾತ ಇರ್ಲಿಲ್ಲ."

ತಾಯಿ ಮಗಳು ಇಬ್ಬರೂ ಅತ್ತರು. ಗದ್ದಲದ ಅಳುವಲ್ಲ, ಬಹಳ ಕಾಲದಿಂದ ಬಿಗಿದಿಟ್ಟ ಗಂಟು ಸಡಿಲವಾದ ಹಾಗೆ. ಆಮೇಲೆ ಗೌರತ್ತೆ ಕಣ್ಣೊರಸಿಕೊಂಡು ಉಡಿಯನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ನನ್ನನ್ನು ಹತ್ತಿರ ಕರೆದಳು. ಹೋಗಲು ನನಗೆ ಹೆದರಿಕೆ. ಅವಳೇ ಎದ್ದು ಬಂದು ನನ್ನ ಲಂಗದ ನೆರಿಗೆ ಸರಿಮಾಡಿ, ಇದನ್ನು ದಸರೆಗೆ ಉಟ್ಟುಕೋ ಎಂದಳು. ಅವ್ವನಿಗೆ ಮಾತ್ರ ಒಂದು ಬೇಡಿಕೆ ಇಟ್ಟಳು.

"ಬ್ಯಾರೆ ಏನರ ಕೇಳು ಅಂದೆಲ್ಲ, ನಿನ್ನ ರಂಜಕದ ಭರಣಿ ಕೊಡು. ಪೂರಾ ಭರಣಿ."

ಅವ್ವ ಓಡುತ್ತ ಹೋಗಿ ಭರಣಿಯನ್ನೇ ಎತ್ತಿ ತಂದುಕೊಟ್ಟಳು. ಆ ವರ್ಷ ಮತ್ತೆ ಹಣ್ಣು ಮೆಣಸಿನಕಾಯಿ ಬರುವವರೆಗೆ ನಾವು ಒಣಚಟ್ನಿಯಲ್ಲೇ ಉಂಡೆವು, ಯಾರೂ ಗೊಣಗಲಿಲ್ಲ. ಚಕ್ಕಡಿ ಓಣಿ ತಿರುಗುವವರೆಗೆ ಅತ್ತೆ ಕೈ ಬೀಸುತ್ತಿದ್ದಳು, ಮಡಿಲಲ್ಲಿ ಭರಣಿ. ಅದು ಮರೆಯಾದದ್ದೇ ತಡ, ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಅಪ್ಪ ತೆಗ್ಗಿನಿಂದ ಎದ್ದು ಹೊರಗೆ ಬಂದ. ನನ್ನ ಗಂಟನ್ನು ತಾನೇ ಎತ್ತಿ ಒಳಗೆ ಒಯ್ದು ಬಿಚ್ಚಿದ. ಅವ್ವನಿಗೆ ಏನೋ ಹೇಳಬೇಕೆಂದು ಅಡಿಗೆಮನೆಯ ಬಾಗಿಲವರೆಗೆ ಹೋದ, ನಿಂತ, ತಿರುಗಿ ಬಂದ. ಸ್ವಲ್ಪ ಹೊತ್ತಿನಲ್ಲಿ ಮಗ್ಗದ ಸದ್ದು ಕೇಳಿಸಿತು. ಆ ಸದ್ದು ನನಗೆ ಅಷ್ಟು ಹಿತವಾಗಿ ಹಿಂದೆಂದೂ ಕೇಳಿಸಿರಲಿಲ್ಲ. ಮುಂದೆ ದೊಡ್ಡವಳಾದ ಮೇಲೆ ನಾನು ಒಲ್ಲದ್ದನ್ನು ಒಲ್ಲೆ ಎಂದೇ ಹೇಳುತ್ತ ಬಂದೆ, ಗಂಡಸಿನ ಬಾಯಿ ಎಂಬ ಬಿರುದನ್ನೂ ಗಳಿಸಿದೆ. ಆ ಬಾಯಿ ನನ್ನದಲ್ಲ, ಅವ್ವನದು. ಗೌರತ್ತೆ ಮುಂದಿನ ಪಂಚಮಿಗೆ ಎಂದಿನಂತೆ ಬಂದಳು, ಕರದಂಟು ತಂದಳು, ಖಾಲಿ ಭರಣಿಯನ್ನೂ ತಂದಳು. ನನ್ನನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ. ಕಾಕಾ ಇಂಗ್ಲಿಷಿನಲ್ಲಿ ಆ ಸಲವೂ ನಪಾಸಾದ. ಅದರ ಮುಂದಿನ ಸಲ ಪಾಸಾದ.

ಅತ್ತೆ ಹೋದ ದಿನದ ಸಂಜೆ. ದೀಪ ಹಚ್ಚಿ ಆಗಿತ್ತು. ಆಯಿ ಕಂಬಕ್ಕೆ ಒರಗಿ ರಾಟೆಯ ಮುಂದೆ ಕೂತಿದ್ದಳು, ಕೈ ಆಡುತ್ತಿರಲಿಲ್ಲ. ಅವ್ವ ಸಾರಿಗೆಂದು ಗಡಿಗೆಯಲ್ಲಿ ಕೈ ಹಾಕಿ ನೋಡಿದವಳು ಪಡಸಾಲೆಗೆ ಬಂದಳು.

"ಅತ್ತ್ಯಾರ, ಉಪ್ಪ ಹೆಚ್ಚೇತ್ರಿ."

ಆಯಿ ಅವಳನ್ನು ನೋಡಿದಳು.

"ಇಲ್ಲ ಅನ್ನವಾ ಸಿದ್ದವ್ವಾ. ಲಕ್ಷ್ಮಿ ಏನ ಓಡಿ ಹೋಗೂದಿಲ್ಲ."

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆಳಿಗ್ಗೆ ಅಷ್ಟು ದೊಡ್ಡ ಮಾತು ಆಡಿದವಳಿಗೆ ಈ ಎರಡಕ್ಷರ ಹೊರಡಿಸಲು ಕಷ್ಟವಾಯಿತು.

"ಉಪ್ಪ ಇಲ್ರಿ."

"ಹಂಗಾರ ತರಸೂಣು," ಎಂದಳು ಆಯಿ. "ಚನ್ನೀ, ಓಡು."

ನಾನು ಓಡಿದೆ. ಓಣಿಯ ತುದಿಯ ಅಂಗಡಿಯಲ್ಲಿ ಉಪ್ಪು ಕಟ್ಟಿಸಿಕೊಂಡು, ಹಸಿರು ಲಂಗದ ಉಡಿಯಲ್ಲಿ ಹಾಕಿಕೊಂಡು, ಅದೇ ಓಟದಲ್ಲಿ ಮನೆಗೆ ಬಂದೆ.